ಚಂದ್ರಮುಕುಟ ಬಟ್ಟೆ ಮೇಲೆ ಇಳಿಯಿತು: ಎರಡು ದಿನದ ಸ್ಕ್ರೀನ್ ಪ್ರಿಂಟಿಂಗ್ ತರಗತಿ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡು ದಂಡ ಆಗಲಿಲ್ಲ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ಅದನ್ನು ಓದದೆ ದುಡ್ಡು ಕಟ್ಟಬೇಡಿ.

ಬಸವನಗುಡಿ ಕಡೆ ಒಂದು ಹಳೇ ಮನೆಯ ಮೂರನೇ ಮಹಡಿಯಲ್ಲಿ ಶನಿವಾರ, ಭಾನುವಾರ ನಡೆಯುವ ತರಗತಿ ಇದು. ನೀವೇ ಬರೆದ ಪ್ರಾಣಿ, ಪಕ್ಷಿ, ಗಿಡ, ಎಲೆಯ ಚಿತ್ರಗಳನ್ನು ತೆಗೆದುಕೊಂಡು ಹೋಗಬೇಕು. ಅದರಲ್ಲಿ ಒಂದನ್ನು ಮೋಟಿಫ್ ಮಾಡಿ, ಸ್ಕ್ರೀನ್‌ಗೆ ಹಾಕಿ, ಬಟ್ಟೆ ಮೇಲೆ ಪ್ರಿಂಟ್ ಮಾಡಿಕೊಂಡು ಬರಬೇಕು. ಸ್ಕ್ರೀನ್ ಅಂದರೆ ಚೌಕಟ್ಟಿಗೆ ಜಾಲಿ ಬಿಗಿದ ಅಚ್ಚು, ಚಿತ್ರ ಇರುವ ಕಡೆ ಮಾತ್ರ ಅದರಿಂದ ಬಣ್ಣ ಇಳಿಯುತ್ತದೆ. ಸೀರೆ ಅಂಗಡಿಯಲ್ಲಿ ಬುಟ್ಟಾ ಅಂತೀವಲ್ಲ, ಮೋಟಿಫ್ ಅಂದರೆ ಹೆಚ್ಚುಕಮ್ಮಿ ಅದೇ. ಫೀಸು 5,500 ರೂಪಾಯಿ. ಅದರಲ್ಲಿ ಒಂದು ಸ್ಕ್ರೀನ್, ಒಂದು ಮೀಟರ್ ಕಾಟನ್ ಬಟ್ಟೆ, ಬಣ್ಣ ಎಲ್ಲ ಸೇರಿದೆ. ಊಟ ಸೇರಿಲ್ಲ. ಬ್ಯಾಚ್‌ಗೆ ಆರೇ ಜನ. ಹೊರಗೆ ಬೋರ್ಡ್ ಇಲ್ಲ, ಕಲಿಸುವ ಮೇಡಂ ತಮ್ಮ ಹೆಸರು ಎಲ್ಲೂ ಹಾಕಬೇಡಿ ಅಂದಿದ್ದಾರೆ, ಹಾಗಾಗಿ ನಾನೂ ಹಾಕುತ್ತಿಲ್ಲ.

ನಾನು ಆರು ವರ್ಷದಿಂದ ಹಕ್ಕಿಗಳ ಚಿತ್ರ ಬರೆಯುತ್ತಿದ್ದೇನೆ. ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ, ಎಲ್ಲಾದರೂ ಕೂತು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡು, ಮನೆಗೆ ಬಂದು ಸಣ್ಣ ನಿಬ್ಬಿನ ಪೆನ್ನಿನಲ್ಲಿ ತಿದ್ದುವುದು ಅಭ್ಯಾಸ. ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತವೆ. ಬಟ್ಟೆ ಮೇಲೆ ಬಂದರೆ ಇನ್ನೂ ಚೆನ್ನಾಗಿರುತ್ತದೆ ಅಂತ ಹೋದ ವರ್ಷ ಒಂದು ಹಾಲಕ್ಕಿಯ ಚಿತ್ರ ಆರಿಸಿದೆ. ಹಾಲಕ್ಕಿ ಗೊತ್ತಲ್ವಾ, ಮರದ ಪೊಟರೆಯಿಂದ ದುರುಗುಟ್ಟಿ ನೋಡುತ್ತದಲ್ಲ, ಮೈ ತುಂಬ ಬಿಳಿ ಚುಕ್ಕೆ ಇರುವ ಪುಟ್ಟ ಗೂಬೆ. ಒಂದೊಂದು ಗರಿಯನ್ನೂ ಬಿಡದೆ ಬರೆದಿದ್ದೆ, ನಾಲ್ಕು ದಿನ ಹಿಡಿದಿತ್ತು. ಅದನ್ನು ಪೇಟೆ ಕಡೆಯ ಒಂದು ಅಂಗಡಿಗೆ ಕೊಟ್ಟು ಸ್ಕ್ರೀನ್ ಮಾಡಿಕೊಡಿ ಅಂದೆ. ಬಟ್ಟೆಗೆ ಅಂತ ಎರಡು ಸಲ ಹೇಳಿದ್ದೆ. 900 ರೂಪಾಯಿ ತೆಗೆದುಕೊಂಡರು. ಮನೆಗೆ ತಂದು ಟೀಶರ್ಟ್ ಮೇಲೆ ಬಣ್ಣ ಎಳೆದರೆ ಅರ್ಧ ಗರಿ ಬರಲೇ ಇಲ್ಲ, ಇನ್ನರ್ಧ ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆಯಾಯಿತು. ಕಣ್ಣು ಎರಡು ಬಿಟ್ಟರೆ ಅದು ಗೂಬೆ ಅನ್ನುವುದಕ್ಕೆ ಏನೂ ಉಳಿಯಲಿಲ್ಲ. ವಾಪಸ್ ಹೋಗಿ ಕೇಳಿದರೆ ನಿಮ್ಮ ಡ್ರಾಯಿಂಗೇ ಹಾಗಿದೆ ಅಂದರು.

ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಅದು ನನಗೆ ಗೊತ್ತಾಗಿದ್ದು ಈ ತರಗತಿಯಲ್ಲೇ. ಇನ್ನರ್ಧ ತಪ್ಪು ಅವರದು. ಆ ಸ್ಕ್ರೀನನ್ನು ನಾನು ಮೇಡಂಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿ, ಇದು 120ರ ಮೆಶ್, ಮದುವೆ ಕಾರ್ಡಿಗೆ ಹಾಕುವುದು ಅಂದರು. ಮೆಶ್ ಅಂದರೆ ಚೌಕಟ್ಟಿಗೆ ಬಿಗಿದಿರುವ ಪಾಲಿಯೆಸ್ಟರ್ ಜಾಲಿ. ಒಂದು ಸೆಂಟಿಮೀಟರಿಗೆ ಎಷ್ಟು ನೂಲು ಅನ್ನುವುದೇ ಅದರ ನಂಬರ್. 43 ಅಂದರೆ ಜಾಲಿ ಅಗಲ, ಬಣ್ಣ ಜಾಸ್ತಿ ಇಳಿಯುತ್ತದೆ. 120 ಅಂದರೆ ಬಹಳ ಒತ್ತು, ಕಾಗದಕ್ಕೆ ಸರಿ. ಬಟ್ಟೆಗೆ ಸಾಮಾನ್ಯವಾಗಿ 43ರಿಂದ 77ರ ಒಳಗೆ. ಬಟ್ಟೆಗೆ ಬಳಸುವ ನೀರಿನ ಬಣ್ಣ 120ರ ಜಾಲಿಯಲ್ಲಿ ಬೇಗ ಒಣಗಿ ತೂತು ಮುಚ್ಚಿಬಿಡುತ್ತದೆ. ನನ್ನ ಹಾಲಕ್ಕಿಗೆ ಆಗಿದ್ದು ಅದೇ. ಸ್ಕ್ರೀನ್ ಮಾಡಿಸಲು ಯಾರ ಹತ್ತಿರ ಹೋದರೂ ಮೆಶ್ ನಂಬರ್ ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಈಗ ತರಗತಿಯ ವಿಷಯಕ್ಕೆ ಬರುತ್ತೇನೆ.

ಮೊದಲ ದಿನ ಸಂಜೆಯವರೆಗೆ ಬಣ್ಣದ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಬೇರೆ ಕಡೆ ನಾನು ನೋಡಿರುವ ಒಂದು ದಿನದ ವರ್ಕ್‌ಶಾಪ್‌ಗಳಲ್ಲಿ ಹೋದ ಅರ್ಧ ಗಂಟೆಗೆ ಕೈಗೆ ಸ್ಕ್ವೀಜಿ, ಅಂದರೆ ಬಣ್ಣ ಎಳೆಯುವ ರಬ್ಬರ್ ಪಟ್ಟಿ, ಕೊಟ್ಟು, ಅವರೇ ಮಾಡಿಟ್ಟ ಹೂವೋ ಆನೆಯೋ ಪ್ರಿಂಟ್ ಮಾಡಿಸಿ, ಒಂದು ಚೀಲ ಕೈಗಿಟ್ಟು ಕಳಿಸುತ್ತಾರೆ. ಖುಷಿ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮನೆಗೆ ಬಂದ ಮೇಲೆ ನಿಮ್ಮ ಚಿತ್ರವನ್ನು ಏನು ಮಾಡಬೇಕು ಅನ್ನುವುದು ಅಷ್ಟೇ ಗೊತ್ತಿಲ್ಲದೆ ಉಳಿಯುತ್ತದೆ. ಇಲ್ಲಿ ಎರಡು ದಿನದಲ್ಲಿ ಒಂದು ಪೂರ್ತಿ ದಿನ ಚಿತ್ರದಿಂದ ಏನು ತೆಗೆಯಬೇಕು, ಏನು ಬಿಡಬಾರದು ಅನ್ನುವುದಕ್ಕೇ ಹೋಯಿತು. ನಾನು ಸ್ಟಾರ್ ಕೊಟ್ಟಿದ್ದು ಆ ದಿನಕ್ಕೆ.

ನನ್ನ ಪುಸ್ತಕದಲ್ಲಿ ಮೇಡಂ ಆರಿಸಿದ್ದು ಚಂದ್ರಮುಕುಟ. ಲಾಲ್‌ಬಾಗ್‌ನ ಹುಲ್ಲಿನ ಮೇಲೆ ಉದ್ದ ಕೊಕ್ಕಿನಿಂದ ನೆಲ ಕುಕ್ಕುತ್ತಾ ಓಡಾಡುತ್ತದಲ್ಲ, ಕಂದು ಕಿತ್ತಳೆ ಮೈ, ರೆಕ್ಕೆ ಮೇಲೆ ಕಪ್ಪು ಬಿಳಿ ಪಟ್ಟೆ, ತಲೆ ಮೇಲೆ ಬೀಸಣಿಗೆ ಥರದ ಜುಟ್ಟು. ನಾನು ಬರೆದಿದ್ದು ಅದು ಹುಳ ಹುಡುಕುತ್ತಿರುವಾಗ, ಜುಟ್ಟು ಮಡಿಸಿಕೊಂಡು, ಮುಖ ಸ್ವಲ್ಪ ನಮ್ಮ ಕಡೆ ತಿರುಗಿಸಿದ ಹಾಗೆ. ಮೇಡಂ ಪೆನ್ಸಿಲ್‌ಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಮುಚ್ಚಿಟ್ಟರು. ಎಲ್ಲರ ಮುಂದೆ ಒಂದೊಂದು ಕಪ್ಪು ಹಾಳೆ, ಒಂದೊಂದು ಕತ್ತರಿ ಇಟ್ಟರು. ಗೆರೆ ಬೇಡ, ಆಕಾರ ಕತ್ತರಿಸಿ ಕೊಡಿ ಅಂದರು.

ಕತ್ತರಿಸಿದೆ. ಅದನ್ನು ಬಿಳಿ ಹಾಳೆಗೆ ಅಂಟಿಸಿ, ಹಾಲಿನ ಆ ತುದಿಯ ಗೋಡೆಗೆ ಸಿಕ್ಕಿಸಿ, ಉಳಿದ ಐದು ಜನಕ್ಕೆ ಇದೇನು ಹೇಳಿ ಅಂದರು. ಒಬ್ಬರು ಮರಕುಟಿಗ ಅಂದರು. ಇನ್ನೊಬ್ಬರು ಕೊಕ್ಕು ಉದ್ದ ಇರುವ ಮೈನಾ ಅಂದರು. ಒಬ್ಬರಿಗೂ ಚಂದ್ರಮುಕುಟ ಕಾಣಲಿಲ್ಲ. ಯಾಕೆಂದರೆ ಮುಖ ನಮ್ಮ ಕಡೆ ತಿರುಗಿದಾಗ ಕೊಕ್ಕು ಗಿಡ್ಡವಾಗಿ ಎದೆಯೊಳಗೆ ಸೇರಿಹೋಗಿತ್ತು, ಜುಟ್ಟು ಮಡಿಸಿದ್ದರಿಂದ ತಲೆ ಹಿಂದೆ ಒಂದು ಮೊಳೆ ಹೊಡೆದ ಹಾಗಿತ್ತು. ಪುಸ್ತಕದಲ್ಲಿ ಅದೇ ಚಿತ್ರವನ್ನು ನೋಡಿದವರೆಲ್ಲ ಥಟ್ಟನೆ ಗುರುತಿಸಿದ್ದರು, ಬಣ್ಣ ಮತ್ತು ಗರಿಯ ಗೆರೆಗಳು ಇದ್ದವಲ್ಲ. ಅವನ್ನು ತೆಗೆದ ಮೇಲೆ ಹಕ್ಕಿಯೇ ಹಾರಿಹೋಯಿತು.

ಜುಟ್ಟು ಬಿಚ್ಚಿಸಿ, ಪಕ್ಕಕ್ಕೆ ತಿರುಗಿಸಿ ಅಂತ ಹೇಳುವುದು ಸುಲಭ. ಆದರೆ ಚಂದ್ರಮುಕುಟ ನೆಲದ ಮೇಲೆ ಮೇಯುವಾಗ ಜುಟ್ಟು ಬಿಚ್ಚಿಕೊಂಡು ನಿಂತಿರುವುದಿಲ್ಲ. ಅದು ಸುಳ್ಳಾಗುತ್ತದೆ ಮೇಡಂ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವಾಗ ಬಿಚ್ಚುತ್ತದೆ ಹೇಳಿ ಅಂದರು. ಹಾರಿ ಬಂದು ನೆಲಕ್ಕೆ ಇಳಿಯುವಾಗ ಒಂದು ಕ್ಷಣ ಬೀಸಣಿಗೆ ಬಿಚ್ಚಿದ ಹಾಗೆ ಬಿಚ್ಚಿ ಮಡಿಸುತ್ತದೆ. ಹಾಗಾದರೆ ಆ ಕ್ಷಣವನ್ನೇ ತನ್ನಿ ಅಂದರು. ನನಗೆ ಈ ಮಾತು ಬಹಳ ಹಿಡಿಸಿತು. ಇಳಿಯುವಾಗ ರೆಕ್ಕೆಯೂ ಅರ್ಧ ತೆರೆದಿರುತ್ತದೆ, ಪಟ್ಟೆಗಳು ಪೂರ್ತಿ ಕಾಣುತ್ತವೆ. ಹಕ್ಕಿಗೆ ಸುಳ್ಳು ಸೇರಿಸದೆ ಮೋಟಿಫ್‌ಗೆ ಬೇಕಾದ್ದೆಲ್ಲ ಆ ಒಂದು ಕ್ಷಣದಲ್ಲೇ ಇತ್ತು. ಹಕ್ಕಿ ನೋಡುವವರಿಗೆ ಇದು ಮುಖ್ಯ. ಕ್ಯಾಲೆಂಡರ್‌ಗಳಲ್ಲಿ, ಬೆಡ್‌ಶೀಟ್‌ಗಳಲ್ಲಿ ಯಾವ ಹಕ್ಕಿಯ ತಲೆಗೋ ಯಾವ ಹಕ್ಕಿಯ ಬಾಲ ಅಂಟಿಸಿರುವುದು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮಧ್ಯಾಹ್ನದ ಮೇಲೆ ಅದೇ ಹಕ್ಕಿಯನ್ನು ನಾಲ್ಕು ಅಳತೆಯಲ್ಲಿ ಬ್ರಷ್ಷಿನಿಂದ ಬರೆಸಿದರು. ಆರು ಇಂಚು, ನಾಲ್ಕು, ಎರಡು, ಕೊನೆಗೆ ಒಂದು ಇಂಚು. ಬ್ರಷ್ಷು ಮಾತ್ರ ಅದೇ, ಬದಲಾಯಿಸುವ ಹಾಗಿಲ್ಲ. ಆರು ಇಂಚಿನಲ್ಲಿ ರೆಕ್ಕೆಗೆ ಏಳು ಪಟ್ಟೆ, ಜುಟ್ಟಿಗೆ ಹನ್ನೊಂದು ಗರಿ ಹಾಕಿದೆ. ಎರಡು ಇಂಚಿಗೆ ಬರುವಾಗ ಐದು ಪಟ್ಟೆಗೆ ಇಳಿಯಿತು. ಒಂದು ಇಂಚಿನಲ್ಲಿ ಮೂರು ಪಟ್ಟೆ, ನಾಲ್ಕು ಗರಿ, ಬಾಗಿದ ಕೊಕ್ಕು, ಅಷ್ಟೇ ಹಿಡಿಯಿತು. ಆದರೂ ಅದು ಚಂದ್ರಮುಕುಟವೇ. ಅಲ್ಲಿಂದ ವಾಪಸ್ ದೊಡ್ಡದು ಮಾಡುತ್ತಾ ಬನ್ನಿ, ಬೇಕೇಬೇಕು ಅನಿಸಿದ್ದನ್ನು ಮಾತ್ರ ಸೇರಿಸಿ ಅಂದರು. ಹೀಗೆ ಹೋಗಿ ಬಂದು ನಾನು ನಿಂತಿದ್ದು ನಾಲ್ಕು ಪಟ್ಟೆ, ಐದು ಗರಿಗೆ. ಪ್ರತಿ ಗರಿಯ ತುದಿಗೆ ಕಪ್ಪು. ಕಣ್ಣಿಗೆ ಬಣ್ಣವೇ ಇಲ್ಲ, ಬಟ್ಟೆಯ ಬಿಳಿಯೇ ಕಣ್ಣು. ಕಾಲು ಎರಡನ್ನೂ ತೆಗೆಯಬೇಕು ಅಂತಿದ್ದೆ. ಇಳಿಯುವ ಹಕ್ಕಿಗೆ ಕಾಲು ಮುಂದೆ ಚಾಚಿರಬೇಕು, ಇಲ್ಲದಿದ್ದರೆ ಹಾರುತ್ತಿರುವ ಹಾಗೆ ಕಾಣುತ್ತದೆ ಅಂತ ಉಳಿಸಿಕೊಂಡೆ, ಗೆರೆ ದಪ್ಪ ಮಾಡಿದೆ. 43ರ ಮೆಶ್‌ನಲ್ಲಿ ಅರ್ಧ ಮಿಲಿಮೀಟರಿಗಿಂತ ತೆಳು ಗೆರೆಯನ್ನು ನಂಬಬೇಡಿ, ಒಂದು ಮಿಲಿಮೀಟರ್ ಇದ್ದರೆ ನಿಶ್ಚಿಂತೆ ಅನ್ನುವುದು ಅವರ ಲೆಕ್ಕ. ಖಾದಿಯಂಥ ಒರಟು ಬಟ್ಟೆ ಆದರೆ ಇನ್ನೂ ದಪ್ಪ ಬೇಕು. ಯಾಕೆಂದರೆ ಬಣ್ಣ ನೂಲಿನ ಗುಂಟ ಸ್ವಲ್ಪ ಹರಿಯುತ್ತದೆ, ಎರಡು ಗೆರೆಯ ನಡುವಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಗೆರೆ ಎಷ್ಟು ದಪ್ಪ ಅನ್ನುವಷ್ಟೇ ಖಾಲಿ ಎಷ್ಟು ಅಗಲ ಅನ್ನುವುದನ್ನೂ ನೋಡಬೇಕು. ನನ್ನ ಹಾಲಕ್ಕಿಯ ಗರಿಗಳು ಅಂಟಿಕೊಂಡಿದ್ದಕ್ಕೆ ಕಾರಣ ಅಲ್ಲಿ ಗೊತ್ತಾಯಿತು.

ಜೊತೆಗಿದ್ದವರ ಕೆಲಸದಿಂದಲೂ ಕಲಿತೆ. ಒಬ್ಬ ಹುಡುಗ ಹುಲಿ ತಂದಿದ್ದ. ಹೊರಗೆರೆ ಹಾಕಿ ಒಳಗೆ ಪಟ್ಟೆ ತುಂಬಿಸಿದಷ್ಟೂ ಅದು ಮಕ್ಕಳ ಪುಸ್ತಕದ ಹುಲಿಯಾಗುತ್ತಿತ್ತು. ಕೊನೆಗೆ ಮೇಡಂ ಹೊರಗೆರೆಯನ್ನು ಪೂರ್ತಿ ತೆಗೆಸಿದರು. ಬರೀ ಪಟ್ಟೆಗಳು ಉಳಿದವು. ಬೆನ್ನು ಬಾಗಿದ ಕಡೆ ಪಟ್ಟೆ ಬಾಗಿ, ಹೊಟ್ಟೆ ಕಡೆ ತೆಳುವಾಗಿ ನಿಂತು, ಗೆರೆಯೇ ಇಲ್ಲದ ಮೈ ತಾನಾಗಿ ಕಾಣಿಸಿತು. ಮಡಿಕೇರಿ ಕಡೆಯ ಒಬ್ಬ ಅಕ್ಕ ಜರಿಗಿಡದ ಎಲೆ ತಂದಿದ್ದರು. ಅದರಲ್ಲಿ ಒಂದೇ ಆಕಾರ ದೊಡ್ಡದರಿಂದ ಚಿಕ್ಕದಾಗುತ್ತಾ ಹೋಗುವುದರಿಂದ ಅವರಿಗೆ ತೆಗೆಯುವ ಕೆಲಸ ಕಡಿಮೆ ಇತ್ತು, ಎಲ್ಲಿ ನಿಲ್ಲಿಸಬೇಕು ಅನ್ನುವುದೊಂದೇ ಪ್ರಶ್ನೆ. ಇನ್ನೊಬ್ಬರದು ಚಿಪ್ಪುಹಂದಿ. ಅದರ ಚಿಪ್ಪು ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಇರುತ್ತದಲ್ಲ, ಅವರು ಪ್ರಾಣಿಯನ್ನು ಒಂದು ಮೂಲೆಗೆ ಇಟ್ಟು ಚಿಪ್ಪನ್ನೇ ಇಡೀ ಬಟ್ಟೆಗೆ ಹರಡಿದರು. ಆರು ಜನರಲ್ಲಿ ಅತ್ಯಂತ ಚೆಂದ ಬಂದಿದ್ದು ಅದೇ ಅಂತ ನನ್ನ ಅಭಿಪ್ರಾಯ.

ಟೀ ಹೊತ್ತಿನಲ್ಲಿ ಮೇಡಂ ಒಂದು ಹಳೇ ಇಳಕಲ್ ಸೀರೆ ತಂದು ಹರಡಿದರು. ಅದರ ಮೇಲೆ ಕಸೂತಿ. ನಮ್ಮ ಕಡೆ ಮನೆಮನೆಯಲ್ಲಿ ಇದ್ದದ್ದೇ, ನನ್ನ ಅಜ್ಜಿಯ ಚಂದ್ರಕಾಳಿ ಸೀರೆಯಲ್ಲೂ ಆನೆ, ಅಂಬಾರಿ, ನವಿಲು, ತುಳಸಿಕಟ್ಟೆ, ತೇರು ಎಲ್ಲ ಇದ್ದವು. ನಾನು ಎಷ್ಟೋ ಸಲ ನೋಡಿದ್ದೆ. ಆದರೆ ಹೀಗೆ ನೋಡಿರಲಿಲ್ಲ. ಕಸೂತಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ನೂಲು ಎಣಿಸಿ ಹೊಲಿಯುತ್ತಾರೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗೆರೆ ಅಡ್ಡ ಹೋಗಬೇಕು, ಉದ್ದ ಹೋಗಬೇಕು, ಇಲ್ಲ ಓರೆ ಹೋಗಬೇಕು. ದುಂಡಗೆ ಬಾಗುವ ಹಾಗೇ ಇಲ್ಲ. ಆದರೂ ಆನೆಯ ಸೊಂಡಿಲು ಸೊಂಡಿಲಾಗಿಯೇ ಕಾಣುತ್ತದೆ, ನವಿಲಿನ ಕತ್ತು ಬಾಗಿದ್ದು ಕಾಣುತ್ತದೆ. ದಾರ ಮತ್ತು ಬಟ್ಟೆ ಏನು ಕೊಡುತ್ತವೋ ಅಷ್ಟರಲ್ಲಿ ಆನೆಯನ್ನು ಕೂರಿಸಿದ್ದಾರೆ ನೋಡಿ, ನಿಮಗೆ ಸ್ಕ್ರೀನ್ ಏನು ಕೊಡುತ್ತದೆ ಅಂತ ತಿಳಿದುಕೊಂಡು ಹಕ್ಕಿ ಕೂರಿಸಿ ಅಂದರು. ನಮ್ಮ ರಾಜ್ಯದ ಲಾಂಛನದ ಗಂಡಭೇರುಂಡವನ್ನೂ ಹಾಗೇ ತೋರಿಸಿದರು. ಎರಡು ತಲೆ ಎಡಕ್ಕೂ ಬಲಕ್ಕೂ, ನಡುವೆ ಒಂದು ಗೆರೆ ಎಳೆದರೆ ಎರಡೂ ಕಡೆ ಒಂದೇ. ವಿಜಯನಗರದ ಅಚ್ಯುತರಾಯನ ನಾಣ್ಯದ ಮೇಲೂ ಅದು ನಿಂತಿತ್ತು, ಬೆರಳ ತುದಿಯಷ್ಟು ಜಾಗದಲ್ಲಿ. ಹಳೇಬೀಡಿನ ಗೋಡೆಯ ಕೆಳಗಿನ ಆನೆ ಸಾಲು, ಮೇಲಿನ ಹಂಸದ ಸಾಲು ಕೂಡ ಬಂತು ಮಾತಿನಲ್ಲಿ. ಹೊರಗಿನವರಲ್ಲಿ ಅವರು ತೋರಿಸಿದ್ದು ಅಮೆರಿಕದ ಚಾರ್ಲಿ ಹಾರ್ಪರ್ ಎಂಬ ಕಲಾವಿದರ ಕೆಲಸ. ಹಕ್ಕಿಗಳನ್ನು ವೃತ್ತ, ತ್ರಿಕೋನ, ನೇರ ಗೆರೆಗಳಲ್ಲಿ ಕಟ್ಟಿದವರು, ಸ್ಕ್ರೀನ್ ಪ್ರಿಂಟ್‌ಗಳನ್ನೂ ಬಹಳ ಮಾಡಿದವರು. ಒಂದು ಗರಿ ಕೂಡ ಬಿಡಿಸಿಲ್ಲ, ಆದರೂ ಯಾವ ಹಕ್ಕಿ ಅಂತ ಅನುಮಾನವೇ ಬರುವುದಿಲ್ಲ.

ಇನ್ನೊಂದು ವಿಷಯ ನನಗೆ ಹೊಸದು. ಜಪಾನಿನಲ್ಲಿ ಕಿಮೋನೊ ಬಟ್ಟೆಗೆ ಕಾಗದ ಕೊರೆದು ಅಚ್ಚು ಮಾಡುತ್ತಿದ್ದರು, ಕತಗಾಮಿ ಅಂತ. ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದಕ್ಕೆ ಪರ್ಸಿಮನ್ ಹಣ್ಣಿನ ರಸ ಬಳಿದು ಗಟ್ಟಿ ಮಾಡಿಕೊಳ್ಳುವುದು. ಕೊರೆದ ಚಿತ್ರದ ನಡುವೆ ಯಾವುದಕ್ಕೂ ಅಂಟದ ತುಂಡು ಇದ್ದರೆ ಬಿದ್ದುಹೋಗುತ್ತದಲ್ಲ, ಅದನ್ನು ಹಿಡಿದಿಡಲು ಸಣ್ಣ ರೇಷ್ಮೆ ಎಳೆಗಳನ್ನು ಅಡ್ಡಡ್ಡ ಹಾಕುತ್ತಿದ್ದರು. ನನ್ನ ಹಕ್ಕಿಯ ಕಣ್ಣು ಅಂಥದ್ದೇ ತುಂಡು. ಸ್ಕ್ರೀನ್‌ನ ಜಾಲಿ ಮಾಡುವುದೂ ಇದೇ ಕೆಲಸ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸ್ಯಾಮ್ಯುಯೆಲ್ ಸೈಮನ್ ಅನ್ನುವವರು ರೇಷ್ಮೆ ಬಟ್ಟೆಯ ಸ್ಕ್ರೀನ್‌ಗೆ ಪೇಟೆಂಟ್ ಪಡೆದಿದ್ದು 1907ರಲ್ಲಿ.

ಚಿತ್ರದ ಬಣ್ಣಗಳನ್ನು ಬೇರೆ ಬೇರೆ ಮಾಡಿಕೊಳ್ಳುವುದು ಸಂಜೆಗೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್ ಬೇಕು. ನನ್ನ ಹಕ್ಕಿಗೆ ಎರಡು, ಕಿತ್ತಳೆ ಕಂದು ಮತ್ತು ಕಪ್ಪು. ಬಿಳಿ ಬಟ್ಟೆಯದೇ, ಅದು ಪುಕ್ಕಟೆ. ಫೀಸಿನಲ್ಲಿ ಸ್ಕ್ರೀನ್ ಒಂದೇ ಇರುವುದರಿಂದ ಒಂದು ಉಪಾಯ ಹೇಳಿಕೊಟ್ಟರು, ಇದು ಮನೆಯಲ್ಲಿ ಮಾಡುವವರಿಗೆ ಬಹಳ ಉಪಯೋಗ. ಮೋಟಿಫ್ ಚಿಕ್ಕದಿದ್ದರೆ ಎರಡೂ ಬಣ್ಣದ ಭಾಗಗಳನ್ನು ಒಂದೇ ಸ್ಕ್ರೀನ್‌ನಲ್ಲಿ ಅಕ್ಕಪಕ್ಕ ಹಾಕಿ, ಒಂದನ್ನು ಪ್ರಿಂಟ್ ಮಾಡುವಾಗ ಇನ್ನೊಂದಕ್ಕೆ ಟೇಪ್ ಅಂಟಿಸಿಬಿಡುವುದು. ಮೊದಲು ತಿಳಿ ಬಣ್ಣ, ಆಮೇಲೆ ಗಾಢ ಬಣ್ಣ. ಎರಡೂ ಸೇರುವ ಅಂಚಿನಲ್ಲಿ ಕಿತ್ತಳೆಯನ್ನು ಕಪ್ಪಿನ ಕೆಳಗೆ ಒಂದು ಮಿಲಿಮೀಟರ್ ಒಳಗೆ ಚಾಚಿಸಬೇಕು. ಇಲ್ಲದಿದ್ದರೆ ಬಟ್ಟೆ ಒಂಚೂರು ಸರಿದರೂ ನಡುವೆ ಬಿಳಿ ಸಂದು ಬಿಡುತ್ತದೆ.

ಎರಡನೇ ದಿನ ಬೆಳಿಗ್ಗೆ ಎಮಲ್ಷನ್, ಅಂದರೆ ಸ್ಕ್ರೀನ್‌ಗೆ ಬಳಿಯುವ, ಬೆಳಕು ಬಿದ್ದರೆ ಗಟ್ಟಿಯಾಗುವ ದ್ರಾವಣ. ಕತ್ತಲೆ ಕೋಣೆಯಲ್ಲಿ ಹಳದಿ ಬಲ್ಬಿನ ಕೆಳಗೆ, ಉದ್ದ ತಟ್ಟೆಯಂಥ ಕೋಟರ್‌ನಲ್ಲಿ ಎಮಲ್ಷನ್ ಹಾಕಿಕೊಂಡು ಸ್ಕ್ರೀನ್‌ನ ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ನಿಂತು ನಿಂತು ಎಳೆದರೆ ಅಲ್ಲಲ್ಲಿ ದಪ್ಪ ಕೂರುತ್ತದೆ. ಅದು ಫ್ಯಾನ್ ಗಾಳಿಗೆ ಒಣಗಿದ ಮೇಲೆ, ಟ್ರೇಸಿಂಗ್ ಶೀಟಿನ ಮೇಲೆ ಅಚ್ಚ ಕಪ್ಪಿನಲ್ಲಿ ಬರೆದ ಹಕ್ಕಿಯನ್ನು ಅದಕ್ಕೆ ಒತ್ತಿ, ಯುವಿ ಟ್ಯೂಬ್‌ಗಳ ಪೆಟ್ಟಿಗೆ ಮೇಲೆ ಆರು ನಿಮಿಷ ಇಟ್ಟರು. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ. ಕಪ್ಪು ಅಡ್ಡ ಇರುವ ಕಡೆ ಮೆತ್ತಗೇ ಉಳಿಯುತ್ತದೆ. ಆಮೇಲೆ ನಲ್ಲಿ ಕೆಳಗೆ ಹಿಡಿದು ಮೆಲ್ಲಗೆ ನೀರು ಬಿಟ್ಟರೆ ಮೆತ್ತಗಿನ ಭಾಗ ಕರಗಿ ಹೋಗುತ್ತದೆ. ಮೊದಲು ಕೊಕ್ಕು ತೆರೆದುಕೊಂಡಿತು, ಆಮೇಲೆ ಒಂದೊಂದಾಗಿ ಪಟ್ಟೆಗಳು, ಕೊನೆಗೆ ಜುಟ್ಟು. ಜಾಲಿಯ ಆಚೆಯಿಂದ ಕಿಟಕಿಯ ಬೆಳಕು ಹಕ್ಕಿಯ ಆಕಾರದಲ್ಲಿ ಬಂತು. ಆ ಎರಡು ನಿಮಿಷಕ್ಕೆ ಫೀಸು ಪೂರ್ತಿ ಕೊಡಬಹುದು. ಪಕ್ಕದವರ ಚಿಪ್ಪುಹಂದಿಯ ಕಪ್ಪು ಸಾಕಷ್ಟು ಗಾಢ ಇರಲಿಲ್ಲ, ಬೆಳಕು ಅದನ್ನೂ ದಾಟಿ ಹೋಗಿ ಅರ್ಧ ಚಿಪ್ಪು ತೆರೆಯಲೇ ಇಲ್ಲ. ಅವರು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಟ್ರೇಸಿಂಗ್ ಶೀಟನ್ನು ಬಲ್ಬಿಗೆ ಹಿಡಿದು ನೋಡಿ, ಬೆಳಕು ಸ್ವಲ್ಪ ಕಂಡರೂ ಇನ್ನೊಂದು ಕೋಟ್ ಕಪ್ಪು ಹಚ್ಚಿ.

ಪ್ರಿಂಟ್ ಮಾಡುವ ಮೇಜು ಚೆನ್ನಾಗಿದೆ. ಕೆಳಗೆ ಕಂಬಳಿ, ಮೇಲೆ ಕೋರಾ ಬಟ್ಟೆ ಬಿಗಿದಿದ್ದಾರೆ, ಅದರ ಮೇಲೆ ನಮ್ಮ ಬಟ್ಟೆಯನ್ನು ಗುಂಡುಸೂಜಿಯಿಂದ ಸಿಕ್ಕಿಸುವುದು. ಬಟ್ಟೆಯನ್ನು ಮೊದಲೇ ಒಗೆದು ಗಂಜಿ ಪೂರ್ತಿ ಬಿಡಿಸಿಟ್ಟಿದ್ದರು, ಗಂಜಿ ಇದ್ದರೆ ಬಣ್ಣ ಮೇಲೆಯೇ ಕೂತು ಒಗೆದಾಗ ಹೋಗುತ್ತದೆ. ಬಣ್ಣ ಅಂದರೆ ಬೈಂಡರ್ ಅನ್ನುವ ಅಂಟಿಗೆ ಪಿಗ್ಮೆಂಟ್, ಅಂದರೆ ಬಣ್ಣದ ಪೇಸ್ಟ್, ಕಲೆಸುವುದು, ಒಗೆದಾಗ ಹೋಗದಿರಲು ಅದಕ್ಕೆ ಸ್ವಲ್ಪ ಫಿಕ್ಸರ್. ಚಂದ್ರಮುಕುಟದ ಆ ಬಣ್ಣ ಡಬ್ಬಿಯಲ್ಲಿ ಸಿಗುವುದಿಲ್ಲ. ಕಿತ್ತಳೆಗೆ ಕಂದು, ಒಂದು ಹನಿ ಕಪ್ಪು, ಆಮೇಲೆ ಸ್ವಲ್ಪ ಹಳದಿ, ಪ್ರತಿ ಸಲ ಒಂದು ಚಿಂದಿಗೆ ಹಚ್ಚಿ ಒಣಗಿಸಿ ನೋಡಿ, ಏಳನೇ ಚಿಂದಿಗೆ ಸರಿ ಬಂತು. ಹಸಿ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಸ್ಕ್ವೀಜಿಯನ್ನು 45 ಡಿಗ್ರಿ ಓರೆ ಹಿಡಿದು, ಎರಡೂ ಕೈಯಲ್ಲಿ ಒಂದೇ ಸಮ ಒತ್ತಿ ಎಳೆಯಬೇಕು. ನನ್ನ ಬಲಗೈ ಜಾಸ್ತಿ ಒತ್ತುತ್ತಿತ್ತು, ಮೊದಲ ಮೂರು ಹಕ್ಕಿಗೆ ಬಾಲದ ಕಡೆ ಬಣ್ಣ ಹರಡಿತು. ನಾಲ್ಕನೆಯದರಿಂದ ಹಿಡಿತ ಬಂತು.

ಈಗ ಆ ಒಂದು ಸ್ಟಾರ್ ವಿಷಯ.

ಎಲ್ಲಕ್ಕಿಂತ ದೊಡ್ಡ ತಕರಾರು ಎಮಲ್ಷನ್‌ದು. ಅಲ್ಲಿ ಬಳಸುವುದು ಡೈಕ್ರೋಮೇಟ್ ಬೆರೆಸುವ ಹಳೇ ಥರದ ಎಮಲ್ಷನ್. ಆ ಕಿತ್ತಳೆ ಹಳದಿ ಪುಡಿ ವಿಷ, ಚರ್ಮಕ್ಕೆ ತಾಗಿದರೆ ಹುಣ್ಣು, ಅಲರ್ಜಿ ಆಗುತ್ತದೆ, ಕ್ಯಾನ್ಸರ್ ತರುವ ರಾಸಾಯನಿಕಗಳ ಪಟ್ಟಿಯಲ್ಲೂ ಇದೆ. ಆರು ಜನಕ್ಕೆ ಎರಡು ಜೊತೆ ಗ್ಲೌಸ್ ಇತ್ತು. ತೊಳೆದ ನೀರು ನೇರ ಮೋರಿಗೆ ಹೋಗುತ್ತಿತ್ತು. ಹಕ್ಕಿ, ಎಲೆ, ಕಾಡು ಅಂತ ಇಡೀ ದಿನ ಮಾತಾಡಿ, ಆ ನೀರನ್ನು ಮೋರಿಗೆ ಬಿಡುವುದು ನನಗೆ ಸರಿ ಕಾಣಲಿಲ್ಲ. ಕೇಳಿದೆ. ಕಡಿಮೆ ಬೆಲೆ, ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಅಂದರು. ಡೈಕ್ರೋಮೇಟ್ ಇಲ್ಲದ ಡಯಾಜೋ ಎಮಲ್ಷನ್ ಸಿಗುತ್ತದೆ, ಬೆಲೆ ಸ್ವಲ್ಪ ಜಾಸ್ತಿ ಅಷ್ಟೇ. ಏನೂ ಬೆರೆಸದೆ ಹಾಗೇ ಬಳಸುವ ಫೋಟೋಪಾಲಿಮರ್ ಎಮಲ್ಷನ್ ಕೂಡ ಸಿಗುತ್ತದೆ. ಫೀಸು ಇನ್ನೂರು ರೂಪಾಯಿ ಜಾಸ್ತಿ ಮಾಡಿದರೂ ಯಾರೂ ಬೇಡ ಅನ್ನುವುದಿಲ್ಲ. ಬದಲಾಯಿಸುತ್ತೇನೆ ಅಂದಿದ್ದಾರೆ. ನೀವು ಹೋಗುವುದಾದರೆ ಮೊದಲು ಫೋನಿನಲ್ಲಿ ಇದನ್ನು ಕೇಳಿ, ನಿಮ್ಮದೇ ಗ್ಲೌಸ್ ಒಯ್ಯಿರಿ. ಗರ್ಭಿಣಿಯರು, ಚರ್ಮದ ತೊಂದರೆ ಇರುವವರು ಆ ಕೋಣೆಗೆ ಹೋಗಲೇಬೇಡಿ.

ಎರಡನೆಯದು ರಿಪೀಟ್. ಒಂದು ಮೋಟಿಫ್ ಇಡೀ ಬಟ್ಟೆಗೆ ಹೇಗೆ ಹರಡುತ್ತದೆ ಅನ್ನುವುದು ಈ ಕೆಲಸದ ಅರ್ಧ ಭಾಗ. ಅದಕ್ಕೆ ಕೊಟ್ಟಿದ್ದು ಕೊನೆಯ ಮುಕ್ಕಾಲು ಗಂಟೆ, ಎಲ್ಲರಿಗೂ ಸುಸ್ತಾಗಿದ್ದ ಹೊತ್ತು. ಹೇಳಿಕೊಟ್ಟ ವಿಧಾನ ಮಾತ್ರ ಬಹಳ ಚೆನ್ನಾಗಿದೆ. ಒಂದು ಚೌಕ ಹಾಳೆಯ ನಡುವೆ ಅಂಚಿಗೆ ತಾಗದ ಹಾಗೆ ಚಿತ್ರ ಬರೆಯಿರಿ. ಹಾಳೆಯನ್ನು ಅಡ್ಡ ಕತ್ತರಿಸಿ ಮೇಲಿನ ತುಂಡು ಕೆಳಗೆ, ಕೆಳಗಿನದು ಮೇಲೆ ಇಟ್ಟು ಅಂಟಿಸಿ. ಚಿತ್ರ ಈಗ ಎರಡಾಗಿ ಅಂಚಿಗೆ ಹೋಯಿತು, ನಡುವೆ ಖಾಲಿ ಬಂತು. ಅಲ್ಲಿ ತುಂಬಿ. ಆಮೇಲೆ ಉದ್ದ ಕತ್ತರಿಸಿ ಎಡ ಬಲ ಬದಲಿಸಿ, ಮತ್ತೆ ಖಾಲಿ ತುಂಬಿ. ಈಗ ಈ ಹಾಳೆಯನ್ನು ಎಷ್ಟು ಸಲ ಪಕ್ಕ ಪಕ್ಕ ಇಟ್ಟರೂ ಸೇರುವ ಜಾಗ ಗೊತ್ತಾಗುವುದಿಲ್ಲ. ನಾನು ಖಾಲಿಗೆ ಹೊಂಗೆ ಎಲೆ ಹಾಕಿದೆ. ಪಕ್ಕದ ಸಾಲನ್ನು ಅರ್ಧ ಕೆಳಗೆ ಇಳಿಸಿದರೆ ಹಾಫ್ ಡ್ರಾಪ್, ಆಗ ಹಕ್ಕಿಗಳು ಪರೇಡ್‌ಗೆ ನಿಂತ ಹಾಗೆ ಕಾಣುವುದಿಲ್ಲ. ಆದರೆ ಎಲ್ಲ ಹಕ್ಕಿಯ ಕೊಕ್ಕೂ ಒಂದೇ ಕಡೆ ಇದ್ದರೆ ದೂರದಿಂದ ಬಟ್ಟೆ ಮೇಲೆ ಓರೆ ಗೆರೆಗಳು ಎದ್ದು ಕಾಣುತ್ತವೆ, ಅದನ್ನು ಹೇಗೆ ಒಡೆಯಬೇಕು ಅನ್ನುವುದು ಅಲ್ಲಿ ಬರಲೇ ಇಲ್ಲ. ಮನೆಗೆ ಬಂದು ಮೂರು ವಾರ ಒದ್ದಾಡಿ ಕಲಿತೆ. ಒಂದು ಹಕ್ಕಿಯನ್ನು ತಿರುಗಿಸಿ, ಇನ್ನೊಂದನ್ನು ಸ್ವಲ್ಪ ಚಿಕ್ಕದು ಮಾಡಿ, ಒಂದು ಎಲೆಯನ್ನು ಆ ಗೆರೆಗೆ ಅಡ್ಡ ಹಾಕಿದರೆ ಒಡೆಯುತ್ತದೆ. ಇನ್ನೊಂದು ಮಾತು, ಹಕ್ಕಿಗೆ ತಲೆ ಮೇಲೆ, ಕಾಲು ಕೆಳಗೆ ಇರುವುದರಿಂದ ಬಟ್ಟೆಗೂ ಮೇಲು ಕೆಳಗು ಬಂದುಬಿಡುತ್ತದೆ. ದಿಂಬಿನ ಕವರಿಗೆ, ಪರದೆಗೆ ತೊಂದರೆ ಇಲ್ಲ. ಕುರ್ತಾಕ್ಕೆ ಟೈಲರ್ ಬಟ್ಟೆ ಜಾಸ್ತಿ ಕೇಳುತ್ತಾರೆ.

ಉಳಿದವು ಸಣ್ಣಪುಟ್ಟವು. ಲಿಫ್ಟ್ ಇಲ್ಲ. ಬರೆದುಕೊಟ್ಟ ನೋಟ್ಸ್ ಇಲ್ಲ, ಬಣ್ಣದ ಅಳತೆ ನೀವೇ ಬರೆದುಕೊಳ್ಳಬೇಕು. ಕಂಪ್ಯೂಟರ್, ಟ್ಯಾಬ್‌ನಲ್ಲಿ ಡಿಸೈನ್ ಮಾಡುವುದನ್ನು ಇಲ್ಲಿ ಹೇಳಿಕೊಡುವುದಿಲ್ಲ, ಅದೇ ಬೇಕಾದವರು ಬೇರೆ ಕಡೆ ನೋಡಿ. ಚಿತ್ರ ಬರೆಯುವ ಅಭ್ಯಾಸವೇ ಇಲ್ಲದವರಿಗೆ ಮೊದಲ ದಿನ ಕಷ್ಟವಾಗಬಹುದು. ಆದರೆ ಪುಸ್ತಕದ ತುಂಬ ಹಕ್ಕಿ, ಕೀಟ, ಎಲೆ ಬರೆದಿಟ್ಟುಕೊಂಡು ಮುಂದೆ ಏನು ಅಂತ ಗೊತ್ತಾಗದೆ ಕೂತಿರುವವರು ಖಂಡಿತ ಹೋಗಿ. ಒಂದೇ ಚಿತ್ರ ಒಯ್ಯಬೇಡಿ, ಹತ್ತು ಒಯ್ಯಿರಿ. ನಿಮಗೆ ಬಹಳ ಇಷ್ಟವಾದದ್ದೇ ಮೋಟಿಫ್‌ಗೆ ಒಗ್ಗಬೇಕು ಅಂತೇನಿಲ್ಲ.

ಮನೆಗೆ ಬಂದ ಮೇಲೆ ರಿಪೀಟ್ ತಯಾರು ಮಾಡಿ, ಮೇಡಂ ಹತ್ತಿರವೇ 43ರ ಮೆಶ್‌ನಲ್ಲಿ ಎರಡು ಸ್ಕ್ರೀನ್ ಮಾಡಿಸಿಕೊಂಡೆ, ಒಂದಕ್ಕೆ 1,100 ರೂಪಾಯಿ. ಊಟದ ಮೇಜಿಗೆ ಕಂಬಳಿ ಹೊದಿಸಿ ಹನ್ನೆರಡು ದಿಂಬಿನ ಕವರ್ ಪ್ರಿಂಟ್ ಮಾಡಿದೆ. ಪಿಗ್ಮೆಂಟ್ ಬಣ್ಣ ಕೂರಲು 150 ಡಿಗ್ರಿ ಬಿಸಿಯಲ್ಲಿ ನಾಲ್ಕೈದು ನಿಮಿಷ ಬೇಕು. ಮನೆಯಲ್ಲಿ ಅಂಥ ಯಂತ್ರ ಇಲ್ಲ, ಹಾಗಾಗಿ ಪೂರ್ತಿ ಒಣಗಿಸಿ, ಕಾಟನ್ ಸೆಟ್ಟಿಂಗ್‌ನಲ್ಲಿ ಹಿಂಬದಿಯಿಂದ ಒಂದೊಂದು ಜಾಗಕ್ಕೂ ಹೊತ್ತು ಕೊಟ್ಟು ಇಸ್ತ್ರಿ ಮಾಡಿದೆ. ಇವತ್ತಿಗೆ ಒಂಬತ್ತು ಒಗೆತ ಆಗಿದೆ. ಹನ್ನೊಂದರಲ್ಲಿ ಬಣ್ಣ ಹಾಗೇ ಇದೆ. ಒಂದರಲ್ಲಿ ಮಾತ್ರ ಜುಟ್ಟಿನ ಕಡೆ ಮಾಸಿದೆ, ಅದಕ್ಕೆ ಇಸ್ತ್ರಿ ಮಾಡುವಾಗ ಕರೆಂಟ್ ಹೋಗಿತ್ತು.

ಅದರಲ್ಲಿ ಎರಡು ಕವರ್ ಧಾರವಾಡಕ್ಕೆ ಹೋದವು. ಅಲ್ಲಿ ನಮ್ಮ ಚಿಕ್ಕಮ್ಮ ಇನ್ನೂ ಕಸೂತಿ ಹಾಕುತ್ತಾರೆ. ಕವರ್ ಕೈಗೆ ತೆಗೆದುಕೊಂಡು ಮೊದಲು ಎಣಿಸಿದ್ದು ಜುಟ್ಟಿನ ಗರಿ, ಆಮೇಲೆ ಪಟ್ಟೆ. ಇದೇ ಹಕ್ಕಿಯನ್ನು ಗ್ರಾಫ್ ಹಾಳೆ ಮೇಲೆ ಬರೆದು ಕಳಿಸು, ಸೆರಗಿಗೆ ಹಾಕುತ್ತೇನೆ ಅಂದಿದ್ದಾರೆ. ಮೂರು ದಿನದಿಂದ ಅದನ್ನೇ ಬರೆಯುತ್ತಿದ್ದೇನೆ. ಬಾಗಿದ ಕೊಕ್ಕು ಓರೆ ಗೆರೆಯಲ್ಲಿ ಹೇಗೋ ಕೂತಿತು, ಜುಟ್ಟಿಗೆ ಮಾತ್ರ ಐದು ಗರಿ ಹಿಡಿಯುತ್ತಿಲ್ಲ. ಮೂರಕ್ಕೆ ಇಳಿಸಿ ನೋಡುತ್ತಿದ್ದೇನೆ.